ಪಿಯಾನೋ ಅಭ್ಯಾಸಕೃತಿಗಳೂ ಪಾಠಶೋಧನೆಯೂ

ಪಾಠಶೋಧನೆಯೆಂಬುದು ಓಲೆಗರಿಗಳಿಗೂ ಕೋರಿಕಾಗದದ ಪ್ರತಿಗಳಿಗೂ ಮಾತ್ರ ಸಂಬಂಧಿಸಿದ ಶಾಸ್ತ್ರವೆಂದು ಭಾವಿಸುವವರು ವಿದ್ವಾಂಸರಲ್ಲಿಯೂ ಉಂಟು. ಒಂದು ಕೃತಿಯು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಅಕ್ಷರ ಜಾರುವುದು, ಸಾಲು ಬಿಟ್ಟುಹೋಗುವುದು, ತಿಳಿಯದ ಪದವನ್ನು ಲಿಪಿಕಾರನು ತಾನು ಬಲ್ಲ ಪದವಾಗಿ ತಿದ್ದಿಬಿಡುವುದು ಇವೆಲ್ಲ ಸಾಹಿತ್ಯಕ್ಕೆ ತಗಲುವ ವ್ಯಾಧಿಗಳೆಂದೇ ಬಹುಮಂದಿ ಎಣಿಸುತ್ತಾರೆ. ಆದರೆ ಬರಹದಲ್ಲಿ ಬಾಳುವ ಯಾವ ವಿದ್ಯೆಗೂ ಈ ವ್ಯಾಧಿ ತಪ್ಪಿದ್ದಲ್ಲ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವು ಬಹುಮಟ್ಟಿಗೆ ಬರಹವನ್ನೇ ನೆಮ್ಮಿ ನಿಂತಿರುವ ಸಂಗೀತ. ನಮ್ಮಲ್ಲಿ ಕೃತಿಯು ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ಇಳಿಯುತ್ತದೆ. ಅಲ್ಲಿ ಅದು ಕಾಗದದಿಂದ ಕಣ್ಣಿಗೆ, ಕಣ್ಣಿನಿಂದ ಬೆರಳಿಗೆ ಇಳಿಯುತ್ತದೆ. ಆದುದರಿಂದ ಕಾಗದದ ಮೇಲೆ ಏನು ಅಚ್ಚಾಗಿದೆ, ಅದನ್ನು ಅಚ್ಚಿಗೆ ಅಣಿಗೊಳಿಸಿದವರಾರು ಎಂಬ ಪ್ರಶ್ನೆ ಅಲ್ಲಿ ಪಂಡಿತರ ಕುತೂಹಲಕ್ಕೆ ಮಾತ್ರ ಬಿಟ್ಟದ್ದಲ್ಲ. ಪಿಯಾನೋ ಕಲಿಯುವ ಹುಡುಗನೊಬ್ಬನು ಅಂಗಡಿಗೆ ಹೋಗಿ ಅಭ್ಯಾಸಕೃತಿಗಳ ಪುಸ್ತಕ ಕೇಳಿದರೆ, ಅದೇ ಹೆಸರಿನ, ಅದೇ ರಚಕನ ನಾಲ್ಕಾರು ಮುದ್ರಣಗಳು ಬೇರೆ ಬೇರೆ ಬೆಲೆಯಲ್ಲಿ ಅವನೆದುರಿಗೆ ಬರುತ್ತವೆ. ಬೆಲೆಯನ್ನೊಂದೇ ನೋಡಿ ಆರಿಸಿದ ಪುಸ್ತಕವು ಎರಡು ವರ್ಷಗಳಲ್ಲಿ ಹರಿದುಹೋದೀತು. ಅದರಿಂದ ಬೆರಳು ಕಲಿತ ದಾರಿ ಹಾಗೆ ಹರಿದುಹೋಗುವುದಿಲ್ಲ. ಒಮ್ಮೆ ಕೂಡಿಸಿದ ಬೆರಳಿನ ಕ್ರಮವನ್ನು ಬಿಡಿಸಿ ಮತ್ತೆ ಕೂಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟದ ಕೆಲಸವೆಂಬುದನ್ನು ಯಾವ ವಾದ್ಯವನ್ನು ಕಲಿಸುವವರೂ ಬಲ್ಲರು.

'ಎತ್ಯೂದ್' ಎಂಬ ಫ್ರೆಂಚ್ ಪದಕ್ಕೆ ಅಧ್ಯಯನ ಅಥವಾ ಅಭ್ಯಾಸ ಎಂದರ್ಥ. ವಾದನದ ಒಂದು ನಿರ್ದಿಷ್ಟ ಕಷ್ಟವನ್ನು ಎತ್ತಿಕೊಂಡು, ಅದನ್ನೇ ಮೊದಲಿನಿಂದ ಕಡೆಯವರೆಗೆ ಸಾಧಿಸುವಂತೆ ಕಟ್ಟಿದ ರಚನೆಯೇ ಎತ್ಯೂದ್. ನಮ್ಮ ಸರಳೆ, ಜಂಟಿವರಸೆ, ಅಲಂಕಾರಗಳಿಗೆ ಇದನ್ನು ಹೋಲಿಸುವ ರೂಢಿಯಿದೆಯಾದರೂ ಆ ಹೋಲಿಕೆ ಎಲ್ಲ ಎತ್ಯೂದ್‌ಗಳಿಗೂ ಹೊಂದುವುದಿಲ್ಲ. ಕಾರ್ಲ್ ಚೆರ್ನಿಯ (1791-1857) ಪಾಠಗಳನ್ನು ಅಲಂಕಾರಗಳ ಸಾಲಿನಲ್ಲಿಡಬಹುದು. ಫ್ರೆಡೆರಿಕ್ ಶೋಪಾನನ (1810-1849) ಎತ್ಯೂದ್‌ಗಳಾದರೋ ನಮ್ಮ ತಾನವರ್ಣಗಳಂತೆ. ಅಭ್ಯಾಸದ ಕೋಣೆಯಲ್ಲಿಯೂ ಸಲ್ಲುತ್ತವೆ, ಸಭೆಯಲ್ಲಿಯೂ ಸಲ್ಲುತ್ತವೆ.

ಸಂಪಾದಕನ ಕೈ ಒಂದು ಕೃತಿಯ ಮುಖವನ್ನೇ ಹೇಗೆ ಬದಲಿಸಬಲ್ಲುದು ಎಂಬುದಕ್ಕೆ ಮುಜಿಯೊ ಕ್ಲೆಮೆಂತಿಯ ಪ್ರಸಂಗ ಒಳ್ಳೆಯ ನಿದರ್ಶನ. ರೋಮಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲಸಿದ ಈತನು 'ಗ್ರಾಡುಸ್ ಆದ್ ಪಾರ್ನಾಸ್ಸುಮ್' ಎಂಬ ಹೆಸರಿನಲ್ಲಿ 1817, 1819, 1826ರಲ್ಲಿ ಮೂರು ಸಂಪುಟಗಳಾಗಿ ನೂರು ರಚನೆಗಳನ್ನು ಪ್ರಕಟಿಸಿದನು. ಅವುಗಳಲ್ಲಿ ಬೆರಳಿನ ಕಸರತ್ತು ಇದ್ದಂತೆಯೇ ಫ್ಯೂಗ್, ಕ್ಯಾನನ್ ಮುಂತಾದ ಪ್ರೌಢ ರಚನೆಗಳೂ ಭಾವಪೂರ್ಣವಾದ ವಿಲಂಬಗತಿಯ ಕೃತಿಗಳೂ ಇದ್ದವು. ಅದು ಒಬ್ಬ ಸಂಗೀತಾಚಾರ್ಯನು ತನ್ನ ಜೀವಮಾನದ ವಿದ್ಯೆಯನ್ನು ಕೂಡಿಸಿಟ್ಟ ಭಂಡಾರ. ಮುಂದೆ ಲಿಸ್ಟನ ಶಿಷ್ಯನಾದ ಕಾರ್ಲ್ ತೌಸಿಗ್ ಎಂಬ ವಾದಕನು ಈ ನೂರರಿಂದ ಇಪ್ಪತ್ತೊಂಬತ್ತನ್ನು ಮಾತ್ರ ಆರಿಸಿ, ಬೆರಳಿಗೆ ಕೆಲಸ ಕೊಡುವ ಪಾಠಗಳನ್ನೇ ಮುಂದಿಟ್ಟು ಒಂದು ಪುಸ್ತಕ ಮಾಡಿದನು. ಆ ಪುಸ್ತಕ ಶಾಲೆಗಳಲ್ಲಿ ಹಬ್ಬಿತು. ಫಲವೇನಾಯಿತೆಂದರೆ, ಕ್ಲೆಮೆಂತಿಯೆಂದರೆ ಒಣ ಅಭ್ಯಾಸಗಳ ಕರ್ತನೆಂಬ ಭಾವನೆ ತಲೆಮಾರುಗಳವರೆಗೆ ಬೇರೂರಿತು. 1908ರಲ್ಲಿ ದೆಬುಸ್ಸಿಯು ತನ್ನ ಮಕ್ಕಳ ಸಂಗೀತಗುಚ್ಛದ ಮೊದಲ ರಚನೆಗೆ 'ಡಾಕ್ಟರ್ ಗ್ರಾಡುಸ್ ಆದ್ ಪಾರ್ನಾಸ್ಸುಮ್' ಎಂದು ಹೆಸರಿಟ್ಟು ನಗೆಯಾಡಿದನಷ್ಟೆ. ಆ ನಗೆ ನ್ಯಾಯವಾಗಿ ಸಲ್ಲಬೇಕಾದದ್ದು ಮೂಲಕ್ಕಿಂತ ಆಯ್ಕೆಗೇ ಹೆಚ್ಚು. ಒಂದು ಮಹಾಕಾವ್ಯದಿಂದ ವ್ಯಾಕರಣಕ್ಕೆ ಉದಾಹರಣೆಯಾಗಬಲ್ಲ ಪದ್ಯಗಳನ್ನಷ್ಟೇ ಆಯ್ದು ಅಚ್ಚುಮಾಡಿ, ಕವಿಗೆ ರಸದೃಷ್ಟಿಯಿಲ್ಲವೆಂದು ದೂರಿದಂತಾಯಿತು ಇದು.

ಯೋಹಾನ್ ಬ್ಯಾಪ್ಟಿಸ್ಟ್ ಕ್ರಾಮರನ ಎತ್ಯೂದ್‌ಗಳ ಕಥೆ ಇನ್ನೂ ಸೂಕ್ಷ್ಮವಾದುದು. 1804 ಮತ್ತು 1810ರಲ್ಲಿ ನಲವತ್ತೆರಡರಂತೆ ಎರಡು ಕಂತಿನಲ್ಲಿ ಬಂದ ಎಂಬತ್ತನಾಲ್ಕು ರಚನೆಗಳಿವು. ಹಾನ್ಸ್ ಫಾನ್ ಬ್ಯೂಲೋ ಇವುಗಳಿಂದ ಆಯ್ದು, ಕ್ರಮವನ್ನು ಬದಲಿಸಿ, ತನ್ನ ಬೆರಳಂಕೆ ಮತ್ತು ಟಿಪ್ಪಣಿಗಳನ್ನು ಸೇರಿಸಿ ಸಿದ್ಧಪಡಿಸಿದ ಪುಸ್ತಕವೇ ಇಂದಿಗೂ ಬಹುಕಡೆ ಕ್ರಾಮರನೆಂಬ ಹೆಸರಿನಲ್ಲಿ ಮಾರಾಟವಾಗುತ್ತಿದೆ. ಇದಲ್ಲದೆ, ಬೆಥೊವೆನ್ನನೇ ಈ ಎತ್ಯೂದ್‌ಗಳಲ್ಲಿ ಇಪ್ಪತ್ತೊಂದಕ್ಕೆ ಟಿಪ್ಪಣಿ ಬರೆದಿದ್ದನೆಂದು ಹೇಳುವ ಪ್ರತಿಯೊಂದುಂಟು. ಅದನ್ನು ಆಧರಿಸಿದ ಪುಸ್ತಕ 1893ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆದರೆ ಆ ಟಿಪ್ಪಣಿಗಳು ನಮಗೆ ದೊರೆತಿರುವುದು ಬೆಥೊವೆನ್ನನ ಆಪ್ತನೆನಿಸಿದ್ದ ಆಂಟನ್ ಷಿಂಡ್ಲರನ ಕೈಬರಹದಲ್ಲಿ. ಈ ಷಿಂಡ್ಲರನು ಬೆಥೊವೆನ್ನನ ಸಂಭಾಷಣೆಯ ಪುಸ್ತಕಗಳಲ್ಲಿ, ಬೆಥೊವೆನ್ನನು ತೀರಿಕೊಂಡ ಮೇಲೆ, ತನ್ನದೇ ಮಾತುಗಳನ್ನು ಸೇರಿಸಿದ್ದನೆಂಬುದು 1977ರಲ್ಲಿ ಬಯಲಾದ ಬಳಿಕ ಕ್ರಾಮರನ ಪ್ರತಿಯ ಟಿಪ್ಪಣಿಗಳ ಮೇಲೂ ಸಂಶಯದ ನೆರಳು ಬಿದ್ದಿದೆ. ಪ್ರಕ್ಷಿಪ್ತ ಭಾಗಗಳೊಡನೆ ಹೆಣಗಿದ ನಮ್ಮ ಸಂಪಾದಕರಿಗೆ ಈ ಸ್ಥಿತಿ ಹೊಸದೇನಲ್ಲ.

ಇನ್ನು ಪ್ರಧಾನ ವಿಷಯವಾದ ಶೋಪಾನನ ಎತ್ಯೂದ್‌ಗಳು. ಇವು ಒಟ್ಟು ಇಪ್ಪತ್ತೇಳು. ಕೃತಿಸಂಖ್ಯೆ 10ರ ಹನ್ನೆರಡು 1833ರಲ್ಲಿಯೂ, ಕೃತಿಸಂಖ್ಯೆ 25ರ ಹನ್ನೆರಡು 1837ರಲ್ಲಿಯೂ ಪ್ರಕಟವಾದವು. ಉಳಿದ ಮೂರನ್ನು ಫೆತಿಸ್ ಮತ್ತು ಮೊಷೆಲೆಸ್ ಎಂಬಿಬ್ಬರು ಸಿದ್ಧಪಡಿಸುತ್ತಿದ್ದ ಪಿಯಾನೋ ಪಾಠಗ್ರಂಥಕ್ಕಾಗಿ 1839ರಲ್ಲಿ ಬರೆದುಕೊಟ್ಟನು. ಅಂತರರಾಷ್ಟ್ರೀಯ ಹಕ್ಕುಸ್ವಾಮ್ಯದ ಒಪ್ಪಂದವಿಲ್ಲದ ಕಾಲವದು. ಬರ್ನ್ ಒಪ್ಪಂದ ಆದದ್ದು 1886ರಲ್ಲಿ. ಒಂದು ದೇಶದಲ್ಲಿ ಅಚ್ಚಾದ ಕೃತಿಯನ್ನು ನೆರೆಯ ದೇಶದ ಮುದ್ರಕನು ಕೇಳದೆ ಅಚ್ಚುಹಾಕಬಹುದಾಗಿತ್ತು. ಇದರಿಂದ ಪಾರಾಗಲು ಶೋಪಾನನು ತನ್ನ ಕೃತಿಗಳನ್ನು ಪ್ಯಾರಿಸ್, ಲೈಪ್‌ಜಿಗ್, ಲಂಡನ್ ಈ ಮೂರು ಕಡೆ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಪ್ರಕಟಿಸುವ ಏರ್ಪಾಡು ಮಾಡಿಕೊಂಡಿದ್ದನು. ಕೃತಿಸಂಖ್ಯೆ 10ನ್ನು ಪ್ಯಾರಿಸಿನ ಶ್ಲೆಸಿಂಗರ್, ಲೈಪ್‌ಜಿಗ್‌ನ ಕಿಸ್ಟ್‌ನರ್, ಲಂಡನ್ನಿನ ವೆಸೆಲ್ ಪ್ರಕಟಿಸಿದರು. ಮೂವರಿಗೂ ಹೋದ ಪ್ರತಿ ಯಾವಾಗಲೂ ಒಂದೇ ಆಗಿರಲಿಲ್ಲ. ಒಬ್ಬರಿಗೆ ಸ್ವಹಸ್ತದ ಪ್ರತಿ, ಇನ್ನೊಬ್ಬರಿಗೆ ಗೆಳೆಯನು ನಕಲುಮಾಡಿದ ಪ್ರತಿ, ಮತ್ತೊಬ್ಬರಿಗೆ ತಿದ್ದುತ್ತಿದ್ದ ಕರಡಚ್ಚು. ಕರಡು ತಿದ್ದುವಾಗ ಹೊಸ ಆಲೋಚನೆ ಹೊಳೆದರೆ ಒಂದು ಕಡೆ ತಿದ್ದುವನು, ಮತ್ತೊಂದು ಕಡೆಗೆ ಅದನ್ನು ತಿಳಿಸುವುದು ಕೂಡಿಬಾರದು. ಲಂಡನ್ನಿನ ಪ್ರಕಾಶಕನಂತೂ ಶೋಪಾನನ ಕೃತಿಗಳಿಗೆ ತಾನೇ ಬಣ್ಣದ ಹೆಸರುಗಳನ್ನು ಕಟ್ಟಿ ಮಾರುತ್ತಿದ್ದನು. ಆ ಕುರಿತು ಶೋಪಾನನು ಸ್ನೇಹಿತನಾದ ಫೊಂಟಾನನಿಗೆ ಬರೆದ ಪತ್ರದಲ್ಲಿ ಸಿಡುಕಿದ್ದಾನೆ. ಇಂದು ಕೆಲವು ಎತ್ಯೂದ್‌ಗಳಿಗೆ ಅಂಟಿರುವ 'ಕ್ರಾಂತಿ', 'ಚಳಿಗಾಳಿ' ಮುಂತಾದ ಹೆಸರುಗಳೂ ಅವನು ಇಟ್ಟವಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಪ್ಯಾರಿಸಿನಲ್ಲಿ ಶೋಪಾನನ ಜೀವನೋಪಾಯ ಬಹುಪಾಲು ಪಾಠ ಹೇಳುವುದೇ ಆಗಿತ್ತು. ಶಿಷ್ಯರು ತಂದ ಅಚ್ಚುಪ್ರತಿಯ ಮೇಲೆಯೇ ಅವನು ಸೀಸದ ಕಡ್ಡಿಯಿಂದ ಬೆರಳಂಕೆ ಹಾಕುತ್ತಿದ್ದನು, ತಪ್ಪು ತಿದ್ದುತ್ತಿದ್ದನು, ಕೆಲವೊಮ್ಮೆ ಸ್ವರವನ್ನೇ ಬದಲಿಸುತ್ತಿದ್ದನು. ಜೇನ್ ಸ್ಟರ್ಲಿಂಗ್, ಕಮಿಲ್ ದ್ಯುಬ್ವಾ ಎಂಬ ಶಿಷ್ಯೆಯರ ಪ್ರತಿಗಳೂ ಸೋದರಿ ಲುಡ್ವಿಕಾಳ ಪ್ರತಿಗಳೂ ಉಳಿದುಬಂದಿವೆ. ಹೀಗಾಗಿ ಸಂಪಾದಕನ ಮುಂದೆ ಹಸ್ತಪ್ರತಿ, ನಕಲು, ಮೂರು ದೇಶಗಳ ಮೊದಲ ಅಚ್ಚುಗಳು, ಅವುಗಳ ತಿದ್ದಿದ ಮರುಮುದ್ರಣಗಳು, ಶಿಷ್ಯರ ಪ್ರತಿಗಳು ಇಷ್ಟೆಲ್ಲ ಸಾಕ್ಷಿಗಳು ನಿಲ್ಲುತ್ತವೆ. ಸಾಕ್ಷಿಗಳು ಪರಸ್ಪರ ವಿರೋಧಿಸಿದಾಗ, ಇವುಗಳಲ್ಲಿ ಹಲವು ಕರ್ತೃವಿನ ಕೈಯಿಂದಲೇ ಬಂದವಾದ್ದರಿಂದ, ಒಂದನ್ನು ಸರಿಯೆಂದು ಉಳಿದುದನ್ನು ತಪ್ಪೆಂದು ತಳ್ಳುವಂತೆಯೂ ಇಲ್ಲ.

ಒಂದು ಉದಾಹರಣೆ ಇದನ್ನು ಸ್ಪಷ್ಟಪಡಿಸೀತು. ಕೃತಿಸಂಖ್ಯೆ 10ರ ಮೂರನೆಯ ಎತ್ಯೂದ್ ಎಲ್ಲರ ಬಾಯಲ್ಲಿರುವ ಮಧುರಗೀತದಂಥ ರಚನೆ. 1832ರ ಹಸ್ತಪ್ರತಿಯಲ್ಲಿ ಅದರ ತಲೆಯ ಮೇಲೆ 'ವಿವಾಚೆ', ಎಂದರೆ ಚುರುಕಾಗಿ, ಎಂದಿದೆ. ಮತ್ತೊಂದು ಪ್ರತಿಯಲ್ಲಿ 'ಚುರುಕಾಗಿ, ಆದರೆ ಅತಿಯಾಗಿ ಅಲ್ಲ' ಎಂದಾಯಿತು. ಅಚ್ಚಾದಾಗ 'ಲೆಂತೊ ಮಾ ನೋನ್ ತ್ರೊಪ್ಪೊ', ಎಂದರೆ ನಿಧಾನವಾಗಿ, ಆದರೆ ಅತಿಯಾಗಿ ಅಲ್ಲ ಎಂದು ತಿರುಗಿತು. ಆದರೂ ಜೊತೆಗಿರುವ ಮೆಟ್ರೊನೋಮ್ ಸೂಚನೆ ಕಿರುಮಾತ್ರೆಗೆ 100. ಇಂದು ಸಭೆಗಳಲ್ಲಿ ಕೇಳಿಬರುವ ವಾದನವು ಇದಕ್ಕಿಂತ ಬಹಳ ವಿಲಂಬವಾದುದು. ವಿದ್ಯಾರ್ಥಿಯ ಕೈಯಲ್ಲಿರುವ ಮುದ್ರಣವು ಈ ಇತಿಹಾಸವನ್ನು ತಿಳಿಸಿದರೆ ಅವನು ಯೋಚಿಸಿ ಗತಿಯನ್ನು ಆರಿಸಿಕೊಳ್ಳುವನು. ತಿಳಿಸದಿದ್ದರೆ ಧ್ವನಿಮುದ್ರಿಕೆಯಲ್ಲಿ ಕೇಳಿದ ಗತಿಯನ್ನೇ ಶೋಪಾನನ ಗತಿಯೆಂದು ನಂಬುವನು.

ಗತಿಗಿಂತಲೂ ಹೆಚ್ಚು ಹಾನಿ ಸಂಭವಿಸುವುದು ಬೆರಳಂಕೆಯಲ್ಲಿ. ಹೆಬ್ಬೆರಳು 1, ಕಿರುಬೆರಳು 5 ಎಂಬ ಎಣಿಕೆಯಲ್ಲಿ ಸ್ವರಗಳ ಮೇಲೆ ಅಂಕೆ ಬರೆಯುವ ಪದ್ಧತಿಯೇ ಬೆರಳಂಕೆ. ಶೋಪಾನನ ಕಾಲದ ಬಹುಮಂದಿ ಬೋಧಕರು ಐದು ಬೆರಳುಗಳನ್ನೂ ಸಮಬಲವುಳ್ಳವನ್ನಾಗಿ ಮಾಡಬೇಕೆಂದು ಗಂಟೆಗಟ್ಟಲೆ ಕಸರತ್ತು ಮಾಡಿಸುತ್ತಿದ್ದರು. ಶೋಪಾನನ ಮತ ಬೇರೆ. ಬೆರಳುಗಳು ಪ್ರಕೃತಿಯಿಂದಲೇ ಅಸಮಾನ. ಒಂದೊಂದಕ್ಕೂ ತನ್ನದೇ ಗುಣವುಂಟು. ಅದನ್ನು ಅಳಿಸುವುದಕ್ಕಿಂತ ಬಳಸಿಕೊಳ್ಳುವುದು ಮೇಲು ಎಂಬ ಅಭಿಪ್ರಾಯವನ್ನು ತಾನು ಬರೆಯಲಾರಂಭಿಸಿ ಅರ್ಧಕ್ಕೆ ಬಿಟ್ಟ ಬೋಧನಕ್ರಮದ ಟಿಪ್ಪಣಿಗಳಲ್ಲಿ ಹೇಳಿದ್ದಾನೆ. ಹೊಸ ಶಿಷ್ಯರಿಗೆ ಅವನು ಎಲ್ಲವೂ ಬಿಳಿಯ ಮನೆಗಳಾದ ಸಿ ಮೇಜರ್ ಸ್ವರಶ್ರೇಣಿಯನ್ನು ಮೊದಲು ಹೇಳಿಕೊಡುತ್ತಿರಲಿಲ್ಲ. ನೋಡಲು ಅದೇ ಸುಲಭ, ಕೈಗೆ ಅದೇ ಕಷ್ಟ. ಉದ್ದದ ಬೆರಳುಗಳು ಎತ್ತರದ ಕಪ್ಪು ಮನೆಗಳ ಮೇಲೆ, ಗಿಡ್ಡ ಬೆರಳುಗಳು ಬಿಳಿಯ ಮನೆಗಳ ಮೇಲೆ ತಾವಾಗಿ ಕುಳಿತುಕೊಳ್ಳುವ ಬಿ ಮೇಜರ್ ಶ್ರೇಣಿಯಿಂದ ಪಾಠ ತೊಡಗುತ್ತಿದ್ದನು. ಈ ತತ್ತ್ವದ ಫಲವೇ ಅವನ ಬೆರಳಂಕೆಗಳು. ಹೆಬ್ಬೆರಳನ್ನು ಕಪ್ಪು ಮನೆಯ ಮೇಲೆ ಇಡಬಾರದೆಂಬ ಹಳೆಯ ನಿಷೇಧವನ್ನು ಅವನು ಲೆಕ್ಕಿಸಲಿಲ್ಲ. ಉದ್ದದ ಬೆರಳು ಗಿಡ್ಡ ಬೆರಳಿನ ಮೇಲೆ ದಾಟಿ ಮುಂದಿನ ಸ್ವರವನ್ನು ಮುಟ್ಟುವ, ಪ್ರಾಚೀನ ವಾದಕರಲ್ಲಿ ರೂಢಿಯಲ್ಲಿದ್ದು ಮರೆಯಾಗಿದ್ದ ಕ್ರಮವನ್ನು ಮತ್ತೆ ತಂದನು. ಕೃತಿಸಂಖ್ಯೆ 10ರ ಎರಡನೆಯ ಎತ್ಯೂದ್ ಇಡಿಯಾಗಿ ಇದೇ ಸಾಧನೆ. ಬಲಗೈಯ 3, 4, 5ನೆಯ ಬೆರಳುಗಳು ಒಂದರ ಮೇಲೊಂದು ದಾಟುತ್ತ ಕ್ರಮಸ್ವರಗಳನ್ನು ನುಡಿಸುತ್ತಿರಲು, ಅದೇ ಕೈಯ ಹೆಬ್ಬೆರಳೂ ತೋರುಬೆರಳೂ ಕೆಳಗಿನ ಸ್ವರಗಳನ್ನು ಮೀಟುತ್ತಿರಬೇಕು. ಅನುಮಾನಕ್ಕೆಡೆಯಾಗದಂತೆ ಅವನು ಇಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಸ್ವರಕ್ಕೂ ಅಂಕೆಯನ್ನು ತಾನೇ ಬರೆದಿದ್ದಾನೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಸಂಪಾದಕರಲ್ಲಿ ಹಲವರಿಗೆ ಇಂಥ ಅಂಕೆಗಳು ಅಶಿಸ್ತಾಗಿ ಕಂಡುವು. ಶಾಲೆಯ ಕ್ರಮಕ್ಕೆ ತಕ್ಕಂತೆ ಅವನ್ನು 'ಸರಿಪಡಿಸಿ' ಅಚ್ಚುಹಾಕಿದರು. ಬಹುಮಾತ್ರೆಗಳವರೆಗೆ ಹರಿಯುವ ಶೋಪಾನನ ನೀಳವಾದ ಬಾಗುಗೆರೆಗಳನ್ನು ತುಂಡುಮಾಡಿದರು. ಪೆಡಲ್ ಗುರುತುಗಳನ್ನು ತಮ್ಮ ಕಾಲದ ವಾದ್ಯಕ್ಕೆ ಹೊಂದುವಂತೆ ಬದಲಿಸಿದರು. ಕೆಟ್ಟ ಉದ್ದೇಶದಿಂದ ಮಾಡಿದವರು ಯಾರೂ ಅಲ್ಲ. ಬಹುಮಂದಿ ತಾವೇ ದೊಡ್ಡ ವಾದಕರು. ಆದರೆ ಯಾವುದು ತಮ್ಮದು, ಯಾವುದು ಶೋಪಾನನದು ಎಂಬುದನ್ನು ಪುಟದ ಮೇಲೆ ಬೇರ್ಪಡಿಸಿ ತೋರಿಸಲಿಲ್ಲ. ಅಪರಾಧವೇನಾದರೂ ಇದ್ದರೆ ಅದು ಇಷ್ಟೇ. ಸಂಪಾದಕನು ತಿದ್ದಬಾರದೆಂದಿಲ್ಲ. ತಿದ್ದಿದ್ದನ್ನು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಳ್ಳಬೇಕು.

ಈ ಗುಂಪಿನಲ್ಲಿ ಕರೋಲ್ ಮಿಕುಲಿಯ ಮುದ್ರಣಕ್ಕೆ ವಿಶೇಷ ಗೌರವವಿದೆ. ಅವನು 1844ರಿಂದ 1848ರವರೆಗೆ ಶೋಪಾನನಲ್ಲಿಯೇ ಕಲಿತವನು. ಲೈಪ್‌ಜಿಗ್‌ನಲ್ಲಿ 1880ರ ಸುಮಾರಿಗೆ ಬಂದ ಅವನ ಸಂಪುಟಗಳಲ್ಲಿ ಪಾಠದ ಕೋಣೆಯ ನೆನಪುಗಳ ಬಲವಿದೆ. ಅಗ್ಗದ ಮರುಮುದ್ರಣಗಳಲ್ಲಿ ಇಂದಿಗೂ ಸಿಗುವುದರಿಂದ ಬಡ ವಿದ್ಯಾರ್ಥಿಗೆ ಇದೇನೂ ಕೆಟ್ಟ ಆಯ್ಕೆಯಲ್ಲ. ಆದರೂ ನೆನಪೆಂಬುದು ಲಿಖಿತ ಸಾಕ್ಷಿಯಲ್ಲವೆಂಬುದನ್ನು ಮರೆಯಲಾಗದು. ಲಿಸ್ಟನ ಶಿಷ್ಯ ಕ್ಲಿಂಡ್‌ವರ್ತನ ಮುದ್ರಣ ಒಂದು ಕಾಲದಲ್ಲಿ ಬಹಳ ಮನ್ನಣೆ ಪಡೆದಿತ್ತು. ಈಗ ಅದನ್ನು ಇತಿಹಾಸದ ದೃಷ್ಟಿಯಿಂದ ಓದಬೇಕು.

ಫ್ರಾನ್ಸಿನ ಆಲ್ಫ್ರೆಡ್ ಕೊರ್ತೊ (1877-1962) ಸಿದ್ಧಪಡಿಸಿದ 'ಅಭ್ಯಾಸ ಮುದ್ರಣ'ವನ್ನು ಇವುಗಳೊಡನೆ ಎಣಿಸಬಾರದು; ಅದರ ಜಾತಿಯೇ ಬೇರೆ. ಮೊದಲ ಮಹಾಯುದ್ಧದ ದಿನಗಳಲ್ಲಿ ಬಂದ ಈ ಪುಸ್ತಕದಲ್ಲಿ ಪ್ರತಿಯೊಂದು ಎತ್ಯೂದ್‌ಗೂ ಮೊದಲು ಅದರ ಕಷ್ಟ ಯಾವುದು, ಯಾವ ಬೆರಳಿಗೆ ಯಾವ ಭಾರ ಎಂಬುದನ್ನು ವಿವರಿಸಿ, ಆ ಕಷ್ಟವನ್ನು ಬಿಡಿಬಿಡಿಯಾಗಿ ಪಳಗಿಸುವ ಪೂರ್ವಾಭ್ಯಾಸಗಳನ್ನು ಕೊಟ್ಟಿದೆ. ಇದು ಮೂಲಕ್ಕಿಂತ ವ್ಯಾಖ್ಯಾನಕ್ಕೆ ಸಮೀಪ. ಮಲ್ಲಿನಾಥನ ವ್ಯಾಖ್ಯಾನವನ್ನು ಕಾಳಿದಾಸನ ಪಕ್ಕದಲ್ಲಿಟ್ಟು ಓದುವರೇ ಹೊರತು ಕಾಳಿದಾಸನನ್ನು ತೆಗೆದಿಟ್ಟು ಓದುವುದಿಲ್ಲವಷ್ಟೆ. ಕೊರ್ತೊನ ಪುಸ್ತಕವನ್ನೂ ಹಾಗೆಯೇ ಇಟ್ಟುಕೊಳ್ಳಬೇಕು. ಅದರಲ್ಲಿಯ ಕೈ ಚಾಚುವ ಅಭ್ಯಾಸಗಳನ್ನು ಚಿಕ್ಕ ಕೈಯುಳ್ಳ ಮಕ್ಕಳಿಂದ ಗುರುವಿನ ಕಣ್ಣಿಲ್ಲದೆ ಮಾಡಿಸತಕ್ಕದ್ದಲ್ಲ. ಬೆರಳನ್ನು ಬಲಾತ್ಕಾರದಿಂದ ಪಳಗಿಸಹೋಗಿ ಬಲಗೈಯನ್ನು ಕೆಡಿಸಿಕೊಂಡ ಶೂಮನ್ನನ ಕಥೆ ಸಂಗೀತದ ಇತಿಹಾಸದಲ್ಲಿ ಪ್ರಸಿದ್ಧವಾಗಿಯೇ ಇದೆ.

ಪೋಲೆಂಡಿನಲ್ಲಿ ಪಾದೆರೆವ್‌ಸ್ಕಿಯ ಹೆಸರಿನಿಂದ 1949ರಿಂದ ಹೊರಬಂದ ಸಂಪುಟಗಳು ದೀರ್ಘಕಾಲ ಪ್ರಮಾಣವೆನಿಸಿದ್ದುವು. ಆ ವೇಳೆಗೆ ಪಾದೆರೆವ್‌ಸ್ಕಿ ತೀರಿಕೊಂಡು ಎಂಟು ವರ್ಷಗಳಾಗಿದ್ದುವು; ಕೆಲಸವನ್ನು ಮುಂದುವರಿಸಿದವರು ಬ್ರೊನಾರ್‌ಸ್ಕಿ ಮತ್ತು ತುರ್ಚಿನ್‌ಸ್ಕಿ. ಸಂಪುಟದ ಕೊನೆಯಲ್ಲಿ ವಿಮರ್ಶಾತ್ಮಕ ಟಿಪ್ಪಣಿಯಿರುವುದು ಇದರ ಗುಣ. ಹಲವು ಪ್ರತಿಗಳಿಂದ ತಮಗೆ ಚೆನ್ನೆನಿಸಿದ ಪಾಠವನ್ನು ಆಯ್ದು ಬೆಸೆದು, ಯಾವ ಒಂದು ಮೂಲದಲ್ಲಿಯೂ ಇಲ್ಲದ ಮಿಶ್ರಪಾಠವನ್ನು ಕಟ್ಟಿರುವುದು ಇದರ ದೋಷ.

ಈಗ ಹೆಚ್ಚು ಕೇಳಿಬರುವ 'ಊರ್‌ಟೆಕ್ಸ್ಟ್' ಎಂಬ ಜರ್ಮನ್ ಪದಕ್ಕೆ ಮೂಲಪಾಠವೆಂದರ್ಥ. 1948ರಲ್ಲಿ ಸ್ಥಾಪಿತವಾದ ಹೆನ್ಲೆ ಪ್ರಕಾಶನವು ಎವಾಲ್ಡ್ ಝಿಮ್ಮರ್‌ಮಾನ್ ಸಂಪಾದನೆಯಲ್ಲಿಯೂ, ವಿಯೆನ್ನಾದ ಊರ್‌ಟೆಕ್ಸ್ಟ್ ಮಾಲೆಯು ಪೌಲ್ ಬದೂರಾ-ಸ್ಕೋಡಾ ಸಂಪಾದನೆಯಲ್ಲಿಯೂ ಈ ಎತ್ಯೂದ್‌ಗಳನ್ನು ಹೊರತಂದಿವೆ. ಯಾನ್ ಎಕಿಯೆರ್ (1913-2014) ತನ್ನ ದೀರ್ಘಾಯುಸ್ಸಿನ ಅರ್ಧಭಾಗವನ್ನೇ ವ್ಯಯಿಸಿದ ಪೋಲೆಂಡಿನ ರಾಷ್ಟ್ರೀಯ ಮುದ್ರಣದ ಮೊದಲ ಸಂಪುಟ 1967ರಲ್ಲಿ ಬಂದು, ಮಾಲೆ 2010ರಲ್ಲಿ ಪೂರ್ಣವಾಯಿತು. ಪಾಠಶುದ್ಧಿಯ ದೃಷ್ಟಿಯಿಂದ ಈ ಮೂರರಲ್ಲಿ ಯಾವುದನ್ನು ಕೊಂಡರೂ ನಷ್ಟವಿಲ್ಲ. ಎರಡು ಸಮಾನ ಪ್ರಮಾಣದ ಪಾಠಗಳಿರುವಲ್ಲಿ ಎರಡನ್ನೂ ಪುಟದ ಮೇಲೆಯೇ ತೋರಿಸುವುದರಿಂದಲೂ, ವಾದಕನಿಗೆ ಬೇಕಾದ ವಿವರಣೆಯನ್ನು ಪ್ರತ್ಯೇಕವಾಗಿ ಒದಗಿಸುವುದರಿಂದಲೂ ಎಕಿಯೆರನ ಮುದ್ರಣವನ್ನು ಮೊದಲಿಗೆ ಎಣಿಸುವುದು ಯುಕ್ತವಾಗಿ ತೋರುತ್ತದೆ. ಆದರೆ ಹೊದಿಕೆಯ ಮೇಲೆ ಊರ್‌ಟೆಕ್ಸ್ಟ್ ಎಂದು ಬರೆದ ಮಾತ್ರಕ್ಕೆ ಒಳಗಿರುವುದು ಏಕೈಕ ಸತ್ಯಪಾಠವೆಂದು ತಿಳಿಯುವುದು ಭ್ರಮೆ. ಈ ಮೂರು ಮುದ್ರಣಗಳೇ ಕೆಲವೆಡೆ ಪರಸ್ಪರ ಭಿನ್ನವಾಗಿವೆ; ಪದೇ ಪದೇ ತಿದ್ದುತ್ತಿದ್ದ ಕರ್ತೃವಿನ ವಿಷಯದಲ್ಲಿ ಬೇರೆಯಾಗುವಂತೆಯೂ ಇಲ್ಲ.

ಕೊಳ್ಳುವವರು ಅಂಗಡಿಯಲ್ಲಿಯೇ ಕೆಲವು ಪರೀಕ್ಷೆಗಳನ್ನು ಮಾಡಬಹುದು. ಸಂಪಾದಕನ ಹೆಸರಿಲ್ಲದ ಪುಸ್ತಕವನ್ನು ಒಡನೆ ಕೆಳಗಿಡುವುದು ಲೇಸು. ಹೆಸರಿದ್ದರೆ ಪೀಠಿಕೆಯನ್ನು ನೋಡಬೇಕು. ಯಾವ ಯಾವ ಪ್ರತಿಗಳನ್ನು ಬಳಸಲಾಯಿತೆಂಬುದು ಅಲ್ಲಿರಬೇಕು. ಸಂಪಾದಕನು ಸೇರಿಸಿದ ಗುರುತುಗಳು ಆವರಣದಲ್ಲಿವೆಯೇ, ಬೆರಳಂಕೆಗಳಲ್ಲಿ ಎರಡು ಬಗೆಯ ಅಚ್ಚು ಇದೆಯೇ ಎಂಬುದನ್ನು ಗಮನಿಸಬೇಕು. ಇಲ್ಲೊಂದು ಎಚ್ಚರಿಕೆ. ಎಕಿಯೆರನ ಮುದ್ರಣದಲ್ಲಿ ನೆಟ್ಟಗಿನ ದಪ್ಪ ಅಂಕೆ ಶೋಪಾನನದು, ಓರೆಯಾದ ಸಣ್ಣ ಅಂಕೆ ಸಂಪಾದಕನದು. ಬೇರೆ ಕೆಲವು ಮುದ್ರಣಗಳಲ್ಲಿ ಇದಕ್ಕೆ ತಿರುಗಮುರುಗ, ಓರೆಯಂಕೆಯೇ ಕರ್ತೃವಿನದು. ಪೀಠಿಕೆ ಓದದ ವಿದ್ಯಾರ್ಥಿ ಇಲ್ಲಿ ಮೋಸಹೋಗುವುದು ನಿಶ್ಚಯ. ಚೆರ್ನಿಯ ಪಾಠಗಳಿಗೆ ಇಷ್ಟೊಂದು ಶೋಧನೆ ಬೇಕಿಲ್ಲ. ಅಚ್ಚು ಸ್ಪಷ್ಟವಾಗಿದ್ದರೆ ಸಾಕು. ಗೆರ್ಮರನ ಆಯ್ಕೆಯಂಥ ಪುಸ್ತಕಗಳಲ್ಲಿ ಹಲವು ಕೃತಿಸಂಖ್ಯೆಗಳ ಪಾಠಗಳು ಬೆರೆತಿವೆಯೆಂಬುದನ್ನು ಅಧ್ಯಾಪಕರು ತಿಳಿದಿದ್ದರಾಯಿತು. ಬೆರಳಂಕೆಯೇ ಇಲ್ಲದ ಅಭ್ಯಾಸಕೃತಿಗಳೂ ಉಂಟು. ದೆಬುಸ್ಸಿಯು 1915ರಲ್ಲಿ ಬರೆದು ಶೋಪಾನನ ಸ್ಮರಣೆಗೆ ಅರ್ಪಿಸಿದ ಹನ್ನೆರಡು ಎತ್ಯೂದ್‌ಗಳಲ್ಲಿ, ತನ್ನ ಬೆರಳನ್ನು ತಾನೇ ಹುಡುಕಿಕೊಳ್ಳುವುದೂ ಒಂದು ಅಭ್ಯಾಸವೆಂದು ಪೀಠಿಕೆಯಲ್ಲಿ ಹೇಳಿ, ಬೇಕೆಂದೇ ಅಂಕೆಗಳನ್ನು ಬಿಟ್ಟಿದ್ದಾನೆ.

ಕರ್ತೃವಿನ ವಾದನವನ್ನೇ ಕೇಳುವ ಭಾಗ್ಯ ನಮಗಿದ್ದಿದ್ದರೆ ಈ ತೊಡಕುಗಳಲ್ಲಿ ಕೆಲವಾದರೂ ಬಿಡುತ್ತಿದ್ದುವು. ಶೋಪಾನನ ವಿಷಯದಲ್ಲಿ ಅದು ಅಸಾಧ್ಯ. ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ರಚಕನ ವಿಷಯದಲ್ಲಿ ಅದು ಸಾಧ್ಯವಾದದ್ದು ಮೈಸೂರಿನಿಂದ. ಸ್ವತಃ ಪಿಯಾನೋ ಅಭ್ಯಾಸಮಾಡಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು (1919-1974), ಇಂಗ್ಲೆಂಡಿನಲ್ಲಿ ಮುಪ್ಪನ್ನೂ ಅನಾರೋಗ್ಯವನ್ನೂ ಕಳೆಯುತ್ತಿದ್ದ ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸುವುದಕ್ಕೆ 1940ರ ದಶಕದ ಕೊನೆಯಲ್ಲಿ ಧನಸಹಾಯವಿತ್ತರು. ಮೆಟ್ನರನು ತನ್ನ ಮೂರನೆಯ ಪಿಯಾನೋ ಕಂಚೆರ್ಟೋವನ್ನು ಅವರಿಗೆ ಅರ್ಪಿಸಿದನು. ಅವನು 1951ರಲ್ಲಿ ಕಾಲವಾದನು. ಇಂದು ಆ ಕೃತಿಗಳನ್ನು ಸಂಪಾದಿಸುವವರಿಗೆ ಕಾಗದದೊಡನೆ ನಾದದ ಸಾಕ್ಷಿಯೂ ಇದೆ.

ಗ್ರಂಥಭಂಡಾರಗಳಿಗೆ ಸಂಗೀತದ ಪುಸ್ತಕ ಕೊಡಬಯಸುವ ದಾನಿಗಳು ಒಂದೇ ಕೃತಿಯ ಹತ್ತು ಅಗ್ಗದ ಪ್ರತಿಗಳ ಬದಲು ಒಂದು ಶುದ್ಧಮುದ್ರಣವನ್ನೂ ಅದರ ಪಕ್ಕಕ್ಕೆ ಕೊರ್ತೊನ ಪುಸ್ತಕವನ್ನೂ ಕೊಟ್ಟರೆ ಹೆಚ್ಚು ಉಪಕಾರವಾದೀತು. ಹಕ್ಕು ಮುಗಿದ ಹಳೆಯ ಅಚ್ಚುಗಳ ಪಡಿಯಚ್ಚುಗಳು 2006ರಿಂದ ಅಂತರ್ಜಾಲದ ಸಂಗೀತ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತಿವೆ. ಶೋಪಾನನ ಮೊದಲ ಮುದ್ರಣಗಳನ್ನು ಅಲ್ಲಿಯೇ ಹೋಲಿಸಿ ನೋಡಬಹುದು. ಉಚಿತವಾಗಿ ಸಿಗುವವುಗಳಲ್ಲಿ ಹಳೆಯ ಸಂಪಾದಕರ ತಿದ್ದುಪಡಿಯ ಪುಸ್ತಕಗಳೇ ಹೆಚ್ಚಾದುದರಿಂದ ಅಲ್ಲಿಯೂ ಸಂಪಾದಕನ ಹೆಸರನ್ನು ಮೊದಲು ನೋಡಬೇಕು. ಕಡೆಯದಾಗಿ ಕಟ್ಟಿನ ವಿಷಯ. ಬರಿಯ ಅಂಟು ಹಾಕಿದ ಪುಸ್ತಕ ವಾದ್ಯದ ಮೇಲಿನ ಹಲಗೆಯಲ್ಲಿ ತೆರೆದು ನಿಲ್ಲದೆ ಮುಚ್ಚಿಕೊಳ್ಳುತ್ತದೆ. ಎತ್ಯೂದ್ ನುಡಿಸುವಾಗ ಎರಡು ಕೈಗಳಿಗೂ ಬಿಡುವಿರುವುದಿಲ್ಲ. ಆದುದರಿಂದ ಹೊಲಿಗೆಯ ಕಟ್ಟು ಉಳ್ಳದ್ದನ್ನೂ, ಪುಟ ತಿರುವುವ ಕಡೆ ಕೈಗೆ ಒಂದಿಷ್ಟು ವಿರಾಮ ದೊರೆಯುವಂತೆ ಅಚ್ಚಾದುದನ್ನೂ ಆರಿಸಿಕೊಳ್ಳಬೇಕು.